ಅಲುಗಾಡಿಸಿ ಕುಡಿಯಿರಿ

ಮೆಗ್ಗಾನ್ ಆಸ್ಪತ್ರೆಯ ಔಷಧಿ ಕಿಟಕಿಯೊಳಗೆ
ಮೂವತ್ತೊಂದು ವರ್ಷ ನಿಂತವರು ನಾನು ಮತ್ತು ಜೆಸಿಂತಾ.
ಇವತ್ತು ಅವಳಿಗೆ ಶಾಲು, ಗಂಧದ ಹಾರ, ಒಂದು ಗೋಡೆ ಗಡಿಯಾರ.
‘ಟೈಮು ಮುಗಿದವಳಿಗೆ ಗಡಿಯಾರ ಕೊಡ್ತಾರೆ ನೋಡೇ’ ಎಂದಳು
ಆಟೋದಲ್ಲಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು.

ನೆಹರೂ ರಸ್ತೆಯ ಅಂಗಡಿಯ ಹುಡುಗ ಏಣಿ ಹತ್ತಿ
ಮೇಲಿನ ಹಲಗೆಯಿಂದ ಟಕೀಲಾ ಇಳಿಸಿದ,
ಅಂಗಿಯ ತೋಳಿನಲ್ಲೇ ಧೂಳು ಒರೆಸಿದ,
ನಮ್ಮ ಮುಖ ನೋಡಲಿಲ್ಲ, ಒಳ್ಳೆಯವನು.
ಪೇಪರಿನಲ್ಲಿ ಸುತ್ತಿ ಕೊಟ್ಟ,
ಮೆಡಿಕಲ್ ಸ್ಟೋರಿನಲ್ಲಿ ಪ್ಯಾಡು ಸುತ್ತಿಕೊಡುವ ಹಾಗೆ.

ಮೆಕ್ಸಿಕೋದವರ ಹಣ್ಣು ಟ್ಯಾಂಕ್ ಮೊಹಲ್ಲಾಕ್ಕೆ ಎಲ್ಲಿಂದ ಬರಬೇಕು?
ಪಕ್ಕದ ದಸ್ತಗೀರ್ ಸಾಹೇಬರ ಚಕ್ಕೋತ
ನಮ್ಮ ಕಾಂಪೌಂಡಿಗೇ ಬಾಗಿಕೊಂಡಿದೆ.
ಕೇಳಿದರೆ ಎರಡು ಕಿತ್ತು ಕೊಟ್ಟರು:
‘ಜ್ವರದ ಬಾಯಿಗೆ ಒಳ್ಳೇದು.’
‘ಹೌದು ಸಾಹೇಬ್ರೇ, ಒಳ್ಳೇದು.’
ಔಷಧಿ ಕೊಡುವವರ ಮಾತು, ನಂಬಿದರು.

ಸಿಪ್ಪೆ ಎರಡು ಬೆರಳು ದಪ್ಪ, ಒಳಗೆ ಬಿಳಿ ಹತ್ತಿ.
ಒಂದೊಂದೇ ತೊಳೆಯ ಪೊರೆ ಬಿಡಿಸಿದೆವು
ಒಣಗಿದ ಗಾಯದ ಬ್ಯಾಂಡೇಜು ಬಿಚ್ಚುವಷ್ಟು ನಿಧಾನ.
ಲೋಟದ ಅಂಚಿಗೆ ನಿಂಬೆ ಉಜ್ಜಿ, ಕುಟ್ಟಿದ ಕಲ್ಲುಪ್ಪು.
ಅಳತೆಗೆ ಕೆಮ್ಮಿನ ಸಿರಪ್ಪಿನ ಮುಚ್ಚಳ:
ಐದು ಟಕೀಲಾ, ಹತ್ತು ಹಣ್ಣಿನ ರಸ,
ನಿಂಬೆ ಒಂದೂವರೆ, ಸಕ್ಕರೆ ಚಿಟಿಕೆ, ಮೇಲೆ ಗೋಲಿಸೋಡಾ.
ಆರನೆಯ ಮುಚ್ಚಳ ಟಕೀಲಾ
ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ.

ಆಮೇಲೆ ಜೆಸಿಂತಾ, ಕೈಯ ಅಭ್ಯಾಸ,
ಎಲ್ಲವನ್ನೂ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಬಿಗಿದು, ಅಲುಗಾಡಿಸಿದಳು.
ಕಿಟಕಿಯ ಸರಳಿನೊಳಗೆ ಚಾಚಿದ ಕೈಗಳಿಗೆಲ್ಲ
ಅವಳು ಹೇಳಿದ್ದು ಅದೊಂದೇ ಅಲ್ಲವೇ.
ಸೋಡಾ ಸುಮ್ಮನಿರುತ್ತದೆಯೇ?
ಸೂರಿಗೆ, ಶಾಲಿಗೆ, ಗಡಿಯಾರದ ಗಾಜಿಗೆ.
ನಕ್ಕೂ ನಕ್ಕೂ ಅವಳು ನೆಲದಲ್ಲೇ ಕೂತಳು,
ನಕ್ಕಿದ್ದು ಎಲ್ಲಿ ಮುಗಿಯಿತೋ ನಾನು ಕೇಳಲಿಲ್ಲ,
ಒರೆಸುವ ಬಟ್ಟೆ ಹುಡುಕುತ್ತಾ ಒಳಗೆ ಹೋದೆ.

ಉಳಿದದ್ದು ಅರ್ಧರ್ಧ ಲೋಟ, ತಾರಸಿಯಲ್ಲಿ.
ಮೊದಲು ತುಟಿಗೆ ಉಪ್ಪು, ಹಿಂದೆಯೇ ಹುಳಿ,
ಕಹಿ ಬರುವುದು ನುಂಗಿದ ಮೇಲೆ.
‘ಹೆಸರು ಪಾಲೋಮಾ’ ಎಂದೆ, ‘ಅವರ ಮಾತಿನಲ್ಲಿ ಪಾರಿವಾಳ.’

ಆಚೆ ತಾರಸಿಯಲ್ಲಿ ಸಾಹೇಬರು ಸಿಳ್ಳೆ ಹಾಕಿ
ತಮ್ಮ ಹಕ್ಕಿಗಳನ್ನು ಇಳಿಸಿಕೊಳ್ಳುತ್ತಿದ್ದರು.
ಗೂಡಿನ ಬಾಗಿಲಲ್ಲಿ ಎಣಿಸಿದರು, ಹದಿಮೂರು.
ಮತ್ತೆ ಎಣಿಸಿದರು.
‘ಜ್ವರ ಹೇಗಿದೆ?’ ಕೂಗಿ ಕೇಳಿದರು.
‘ಇಳೀತಿದೆ’ ಎಂದಳು ಜೆಸಿಂತಾ.
ಆಮೇಲೆ ಕತ್ತಲಾಗುವವರೆಗೂ ನಾವು ಮೂವರು
ಹೊಳೆಯ ಕಡೆಗೇ ನೋಡುತ್ತಿದ್ದೆವು,
ಇನ್ನೂ ಒಂದು ಬರಬೇಕಿತ್ತು.