ಜಂಬಮ್ಮನ ಬಟ್ಟಲು

ವರ್ಗದ ಸುದ್ದಿ ನನಗಿಂತ ಮೊದಲೇ
ಗಡ್ಡಿಗೆ ಗೊತ್ತಾಗಿತ್ತು.
ಅಲ್ಲಿ ಹಾಗೇ. ನಾನು ಸೀನಿದರೆ
ಮೂರನೇ ಮನೆಯಲ್ಲಿ ಮೆಣಸು ಕುಟ್ಟುವ ಸದ್ದು.

ಆರು ವರ್ಷ. ಹದಿನೇಳು ಹೆರಿಗೆ. ಒಂದನ್ನು
ಹರಗೋಲಿನೊಳಗೇ ಮಾಡಿಸಿದೆ, ಕೃಷ್ಣೆಯ ನಟ್ಟನಡುವೆ;
ಆ ಹುಡುಗಿ ಯಾವ ದಂಡೆಯವಳೆಂದು
ಸವಾರೆಪ್ಪ ಇನ್ನೂ ವಾದ ಹೂಡುತ್ತಾನೆ.

ಹೊರಟ ದಿನ ಯಾರೂ ಅಳಲಿಲ್ಲ.
"ಹೊಳಿ ತುಂಬೋದ್ರೊಳಗ ದಾಟ್ರಿ ಸಿಸ್ಟರ್" ಅಂದರು.
ಖಾಲಿ ಸಿಲಿಂಡರು, ಎರಡು ಕೋಳಿ, ನನ್ನ ಹಾಸಿಗೆ,
ನಾನು,
ಎಲ್ಲ ಒಟ್ಟಿಗೆ ತಿರುಗುತ್ತ ತಿರುಗುತ್ತ ಬಂದೆವು;
ಒಮ್ಮೆ ಊರು ಕಂಡಿತು, ಒಮ್ಮೆ ಬರೀ ನೀರು.

ರಾಯಚೂರಿನಲ್ಲಿ ಈಗ ಎರಡನೇ ಮಹಡಿ.
ಎದುರು ಬಾಗಿಲಿಗೆ ನಂಬರಿದೆ.
ಕೀಲಿ ಮರೆಯುತ್ತೇನೆ,
ಬಾಗಿಲಿಗೆ ಕೀಲಿ ಇರುತ್ತದೆ ಎಂಬುದನ್ನೇ.
ನಿನ್ನೆ ತೀನ್ ಕಂದೀಲಿನಲ್ಲಿ ರಸ್ತೆ ದಾಟಲಾರದೆ
ಬಾಯಿಗೆ ಕೈ ಒಡ್ಡಿ ಕೂಗಿಯೇಬಿಟ್ಟೆ:
"ಏ ಸವಾರೆಪ್ಪಾ..."
ಆಟೋ ಒಂದು ನಿಂತಿತು.
"ಎಲ್ಲಿಗ್ರೀ ಅಕ್ಕಾ?"

ಸಾಮಾನಿನ ತಳದಲ್ಲಿ ಸಿಕ್ಕಿತು ಬಟ್ಟಲು,
ಅಂಚು ನೆಗ್ಗಿದ್ದು, ಅಡಿಗೆ ಜಂಬಮ್ಮನ ಗಂಡನ ಹೆಸರು.
ಪುಂಡಿಪಲ್ಯೆ ಹೊತ್ತು ಬಂದದ್ದು.
ಖಾಲಿ ಪಾತ್ರೆ ವಾಪಸು ಕೊಡುವ ರೂಢಿಯಿಲ್ಲ ಅಲ್ಲಿ,
ಒಂದು ಚಿಟಿಕೆ ಸಕ್ಕರೆಯಾದರೂ ಬೇಕು.
ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ,
ಇಲ್ಲಿಂದ ಏನು ತುಂಬಿ ಕಳಿಸಲಿ ಎಂದು ಹೊಳೆಯದೆ.

ಸಂಜೆ ಡ್ಯೂಟಿ ಮುಗಿಸಿ ಬಂದು ನೋಡಿದರೆ
ತಳದಲ್ಲಿ ಬೂದಿಬಣ್ಣದ ಧೂಳು, ತೆಳ್ಳಗೆ.
ಮತ್ತೆ ತೊಳೆಯುತ್ತೇನೆ.
ಹೊಳಿ ಇಳೀಲಿ.