ಅಸ್ತರು

ಆ ವರ್ಷ ದೇಚಕ್ಕನ ರವಿಕೆಗೆ ನಾನು ಕೂಲಿ ತಗೊಳ್ಳಲಿಲ್ಲ.
ಬದಲಿಗೆ ಒಂದು ಗುಲಾಬಿ ಗಿಡ,
ಅರ್ಧ ಚೀಲ ಕಾಫಿ ಸಿಪ್ಪೆ ಗೊಬ್ಬರ,
ಮತ್ತೆ ಒಂದಿಷ್ಟು ಮಾತು.

ಮಾದಾಪುರ ರಸ್ತೆಯಲ್ಲಿ ಅವಳ ನರ್ಸರಿ,
ಸುಂಟಿಕೊಪ್ಪದ ಸಂತೆಯ ಪಕ್ಕ ನನ್ನ ಮಿಷನ್ನು.
ನೆರಿಗೆ ಹಿಂದಕ್ಕಿಟ್ಟು ಸೀರೆ ಉಡುವ ಹೆಂಗಸು
ಬಗ್ಗಿ ಮಣ್ಣು ಕೆದಕುವಾಗ
ನೆರಿಗೆಗೆ ಒಂದು ಚೂರೂ ಕೆಸರು ತಾಗುವುದಿಲ್ಲ.
ಮೊದಲು ಹಾಗೆ ಉಟ್ಟವಳು
ಸಸಿ ನೆಡುವವಳೇ ಇರಬೇಕು.

‘ಪಾತಿ ಮಾಡು’ ಅಂದಳು. ಬುಡದ ಸುತ್ತ ಮಣ್ಣಿನ ಏರಿ.
ಲಂಗದ ಅಂಚು ಮಡಚಿದ ಹಾಗೆ, ಗೊತ್ತಾಯಿತು.
‘ಮುಚ್ಚಿಗೆ ಹಾಸು.’ ಒಣಗಿದೆಲೆ, ಸಿಲ್ವರ್ ಓಕಿನದಾದರೂ ಆದೀತು.
‘ತುದಿ ಚಿವುಟು, ಪಕ್ಕಕ್ಕೆ ಹಬ್ಬಲಿ.
ಕತ್ತರಿಸಿದರೆ ಕಣ್ಣಿನ ಮೇಲೆ, ಕಾಲಂಗುಲ ಬಿಟ್ಟು, ಓರೆಯಾಗಿ.’
ಓರೆ ಕತ್ತರಿ ನನಗೇ ಹೇಳಿಕೊಡ್ತೀಯ ಅಂದೆ.
ಆದರೆ ಕಣ್ಣು ಯಾವುದು ನನಗೆ ಗೊತ್ತಿರಲಿಲ್ಲ.
ಗೆಣ್ಣಿನಲ್ಲಿ ನುಚ್ಚಕ್ಕಿಯಷ್ಟು ಉಬ್ಬು.
‘ಮಲಗಿದೆ. ಎದ್ದರೆ ಕೊಂಬೆ.’

ಗೂಟಿ ಅನ್ನುವುದು ಮಾತ್ರ ನಂಬಲಾಗಲಿಲ್ಲ:
ಉಂಗುರದಷ್ಟು ತೊಗಟೆ ಸುಲಿದು
ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಬಿಟ್ಟರೆ
ಎರಡು ತಿಂಗಳಿಗೆ ಗಾಯದಿಂದ ಬೇರು!
ಪಾಚಿಗೇನು ಬರವೇ, ಜುಲೈ ತಿಂಗಳಲ್ಲಿ
ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೂ ಬೆಳೆಯುತ್ತದೆ.

ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ
ಎದೆ ಮೂವತ್ತಾರು, ತೋಳು ಹದಿನೇಳರ ಬೆನ್ನಿಗೆ
ಬರೆದುಕೊಂಡೆ: ಕಸಿ, ಕುಡಿ, ಬೇರುಗಿಡ, ಎರೆಗೊಬ್ಬರ.
ಕಳ್ಳಚಿಗುರು ಅಂತಲೂ ಹೇಳಿದ್ದಳಂತೆ.
ಆಗ ಗಿರಾಕಿ ಬಂದಿದ್ದರು.

ಮಳೆ ಹಿಡಿಯಿತು. ಗುಲಾಬಿ ಸೊರಗಿ ಕೂತಿತು.
ಒಂದು ಬೆಳಿಗ್ಗೆ ಬುಡದಿಂದ ಚಿಗುರು,
ಬೆರಳು ದಪ್ಪ, ನೆಟ್ಟಗೆ,
ವಾರಕ್ಕೊಂದು ಗೇಣು.
ನಾನು ಟೇಪು ಹಿಡಿದು ಅಳೆದೆ.
ಮೂವತ್ತೆರಡು. ನಲವತ್ತು. ನಲವತ್ತೇಳು ಇಂಚು.
ಮಲ್ಲಿನ ಪಟ್ಟಿ ಹರಿದು ಕಿಟಕಿಯ ಸರಳಿಗೆ ಕಟ್ಟಿದೆ,
ಮೀನು ತೊಳೆದ ನೀರು ಹುಯ್ದೆ.
ಪಕ್ಕದಲ್ಲಿ ಹಳೆಯ ಕುಡಿ ಒಣಗುವುದು
ಕಂಡೂ ಕಾಣದ ಹಾಗಿದ್ದೆ,
ಬೆಳೆಯುವುದು ಬೆಳೆಯುತ್ತಿತ್ತಲ್ಲ.

ಕೈಲ್‌ಪೊಳ್ದಿನ ರವಿಕೆಗೆ ಬಂದ ದೇಚಕ್ಕ
ಎಲೆ ಎಣಿಸಿದಳು. ಏಳು.
‘ನಾನು ಕೊಟ್ಟದ್ದಕ್ಕೆ ಐದು.’
ಬೆರಳಿನಿಂದ ಮಣ್ಣು ಸರಿಸಿ ತೋರಿಸಿದಳು
ಕಸಿಗಂಟು, ಮೊಣಕೈಯಂಥ ಉಬ್ಬು.
‘ಗಂಟಿನ ಮೇಲೆ ಬಂದದ್ದು ಹೂವಿನ ಕುಡಿ,
ಕೆಳಗೆ ಬಂದದ್ದು ಕಳ್ಳ. ಊಟವೆಲ್ಲ ಇದೇ ತಿಂದಿದೆ.’

ನನಗೆ ಅರ್ಥವಾದದ್ದು ನನ್ನ ಕಸುಬಿನಲ್ಲಿ:
ಮೂರು ತಿಂಗಳು ನಾನು ಇಸ್ತ್ರಿ ಹಾಕಿದ್ದು ಅಸ್ತರಿಗೆ.

ಅಸ್ತರು ಯಾರಿಗೂ ಕಾಣಬಾರದು.
ಬೆವರು ಕುಡಿಯಬೇಕು, ಹೊಲಿಗೆ ಹಿಡಿಯಬೇಕು,
ಮದುವೆಮನೆಯಲ್ಲಿ ಹೊಗಳಿಕೆ ರೇಷ್ಮೆಗೆ.
ಇಪ್ಪತ್ತೆಂಟು ವರ್ಷ ಅಸ್ತರು ಬೆತ್ತಿದ ಕೈ ಇದು.

‘ಕತ್ತರಿ ಬೇಡ, ಕತ್ತರಿಸಿದರೆ ಮತ್ತೆ ಬರ್ತದೆ’ ಅಂದು
ಬುಡಕ್ಕೆ ಕೈಹಾಕಿ ಕಿತ್ತಳು.
ಚರ್ ಅಂತ, ಸವೆದ ಬಟ್ಟೆ ಹರಿದ ಸದ್ದು.
ಎಸೆಯುವ ಮೊದಲು ನಾನು ಕೈಚಾಚಿದೆ.
ನಾಲ್ಕು ಕಣ್ಣಿನ ಒಂದು ಕಡ್ಡಿ,
ಎರಡು ಮಣ್ಣೊಳಗೆ, ಎರಡು ಮೇಲೆ,
ಅವಳೇ ಕಲಿಸಿದ ಲೆಕ್ಕ.
‘ಅದರಲ್ಲೇನಿದೆ ನಬೀಸಾ’ ಅಂದಳು,
ಅನ್ನುತ್ತಲೇ ಪೇಂಟಿನ ಡಬ್ಬಕ್ಕೆ ಒಂದು ಹಿಡಿ ಮರಳು ಬೆರೆಸಿದಳು.

ಕೆಂಪು ಗುಲಾಬಿ ಹೇಗೋ ಚೇತರಿಸಿತು.
ಎರಡನೇ ಮಾರ್ಚಿನಲ್ಲಿ ಹೂಮಳೆ ಬಿದ್ದ ವಾರ,
ಊರಿಗೆ ಊರೇ ಕಾಫಿ ಹೂವಿನ ಘಮದಲ್ಲಿ
ಬೇರೇನನ್ನೂ ಮೂಸದ ಹೊತ್ತಿನಲ್ಲಿ,
ಡಬ್ಬದ್ದೂ ಅರಳಿತು. ಐದೇ ಎಸಳು, ಬಿಳಿ,
ಕೋಟಿನ ಗುಂಡಿಯಷ್ಟಗಲ, ಗೊಂಚಲು ಗೊಂಚಲು.

ಹೆಸರು ಕೇಳಿದೆ. ದೇಚಕ್ಕ ತುಂಬ ಹೊತ್ತು ನೋಡಿದಳು.
‘ಬೇರಿಗೆಂದು ಬೆಳೆಸುವುದು ಇದನ್ನು.
ಹೂ ಬಿಡುವ ತನಕ ಯಾರು ಬಿಡ್ತಾರೆ?’

ನಿನ್ನೆ ಅಳತೆ ಕೊಡಲು ಬಂದ ಹುಡುಗಿ
ತೋಳು ಚಾಚಿಕೊಂಡೇ ಕೇಳಿದಳು, ‘ಆಂಟೀ, ಅದು ಯಾವ ಹೂ?’
ಬಾಯಲ್ಲಿ ಗುಂಡುಸೂಜಿ ಇತ್ತು.
ತೆಗೆದು ಹೇಳಿದೆ:
ಅಸ್ತರು.