ಗ್ಯಾಪ್ ಸರ್ಟಿಫಿಕೇಟು

ಬಳ್ಳಾರಿ ಕೋರ್ಟಿನ ಮುಂದೆ ಬೇವಿನ ಬುಡಕ್ಕೆ
ಮೇಜು ಹಾಕಿ ಕೂತ ಗಾದಿಲಿಂಗಪ್ಪನವರು
ತಲೆ ಎತ್ತದೆ ಕೇಳಿದರು: ಹೆಸರು?
ಸುಂಕಮ್ಮ.
ತಂದೆ? ಎರ್ರೆಪ್ಪ. ವಾಸ? ಕೌಲ್ ಬಜಾರ್.
ಪಿಯುಸಿ ಮುಗಿದದ್ದು ಹೋದ ವರ್ಷ,
ಅಡ್ಮಿಷನ್ನು ಈ ವರ್ಷ.
ನಡುವೆ ಏನವ್ವಾ, ಫೇಲಾ?

ಇಲ್ಲ ಸರ್, ಪಾಸು. ಎಪ್ಪತ್ತೆಂಟು ಪರ್ಸೆಂಟು.
ಮೈಗೆ ಹುಷಾರಿರಲಿಲ್ಲೇನು? ಇತ್ತು.
ಮದುವೆ ಮಾತು? ಬಂತು, ಹೋಯಿತು.
ಮತ್ತೆ?
ಬೇಕಂತಲೇ ನಿಂತೆ ಸರ್.
ಬಡಿಯುತ್ತಿದ್ದ ಬೆರಳು ಹಾಗೇ ನಿಂತಿತು.
ಬೇಕಂತ ನಿಂತವರಿಗೆ ಅವರ ಬಳಿ ನಮೂನೆ ಇರಲಿಲ್ಲ.

ಇದ್ದ ಒಂದನ್ನೇ ಬಡಿದರು:
'ಸದರಿ ಅವಧಿಯಲ್ಲಿ ನಾನು ಯಾವುದೇ
ಕಾಲೇಜಿಗೆ ಸೇರಿರುವುದಿಲ್ಲ,
ಯಾವುದೇ ಕೆಲಸದಲ್ಲಿ ತೊಡಗಿರುವುದಿಲ್ಲ,
ಮನೆಯಲ್ಲಿಯೇ ಇದ್ದಿರುತ್ತೇನೆ.'

ಮನೆಯಲ್ಲಿಯೇ.
ಎದುರಿಗೆ ಜೆರಾಕ್ಸ್ ಹುಡುಗನ ಪ್ಯಾಂಟು.
ಹಿಂದಿನ ಜೇಬಿನ ಮೂಲೆಯಲ್ಲಿ ಒಂದೆಳೆ ಜಾರಿದೆ.
ನಮ್ಮ ಶೆಡ್ಡಿನದಾಗಿದ್ದರೆ ರಫೀಕ್ ಮಾಸ್ತರು
ಮಡಿಲಿಗೆ ಎಸೆದು ಎರಡೇ ಮಾತು ಆಡುತ್ತಿದ್ದರು:
ಬಿಚ್ಚು. ಹೊಲಿ.

ಮೊದಲ ಮೂರು ತಿಂಗಳು ಬರೀ ದಾರ ಕತ್ತರಿಸಿದೆ.
ಪಕ್ಕದಲ್ಲಿ ಹೊನ್ನೂರಬೀ.
ಅರ್ಧ ತೆಲುಗು, ಅರ್ಧ ಉರ್ದು,
ಸಿಟ್ಟು ಬಂದರೆ ಮಾತ್ರ ಕನ್ನಡ.
ಗಂಡನ ಕತೆ ಎಲ್ಲೆಲ್ಲಿಗೋ ಹೋಗುತ್ತಿತ್ತು,
ಕತ್ತರಿ ಮಾತ್ರ ಹಾದಿ ತಪ್ಪುತ್ತಿರಲಿಲ್ಲ.
ನಾನು ಮೊಬೈಲಿನಲ್ಲಿ ಲೆಕ್ಕ ಒತ್ತುವಷ್ಟರಲ್ಲಿ
ಅವಳು ಬೆರಳ ಗೆಣ್ಣಿನ ಮೇಲೆ ಮುಗಿಸಿರುತ್ತಿದ್ದಳು.
ಈ ವಾರ ಹನ್ನೆರಡು ಪೀಸು ನುಂಗ್ಯಾನೆ ಸಾಹುಕಾರ,
ಅಂತ ಶನಿವಾರ ಸಂಜೆ ಎದ್ದು ನಿಂತವಳೂ ಅವಳೇ.
ಅವತ್ತು ಶುದ್ಧ ಕನ್ನಡ.

ಆಮೇಲೆ ಕಾಜಾ ಮಷೀನು.
ಕರೆಂಟು ಹೋದರೆ ಇಡೀ ಶೆಡ್ಡು ಒಮ್ಮೆಲೇ ಸುಮ್ಮನಾಗಿ
ಕಿವಿಯೊಳಗೆ ಮಾತ್ರ ಅದು ಓಡುತ್ತಲೇ ಇರುತ್ತಿತ್ತು.
ಅಂಥ ಒಂದು ಮಧ್ಯಾಹ್ನ, ತಗಡಿನ ಬಿಸಿಲಲ್ಲಿ,
ಮುಂದೇನು ಓದಬೇಕೆಂದು ನನಗೆ ಹೊಳೆಯಿತು
ಅನ್ನಬಹುದಿತ್ತು. ಆದರೆ
ಸ್ಟಾಂಪ್ ಪೇಪರಿನ ಮುಂದೆ ಸುಳ್ಳು ಹೇಳಬಾರದು.
ಹೊಳೆದದ್ದು ಇಷ್ಟೇ:
ಇವತ್ತು ಉಗ್ಗಾಣಿ ಮಿರ್ಚಿ ತರುವ ಸರದಿ ನನ್ನದು.

ಅಪ್ಪ ಯುಗಾದಿವರೆಗೂ ಮಾತಾಡಲಿಲ್ಲ.
ಯಾರಾದರೂ ಕೇಳಿದರೆ 'ಕಂಪ್ಯೂಟರ್ ಕೋರ್ಸು' ಅನ್ನುತ್ತಿದ್ದ.
ರಾತ್ರಿ ನನ್ನ ನೀಲಿ ಉಗುರುಗಳನ್ನು
ಕದ್ದು ನೋಡುತ್ತಿದ್ದ.

ಒಂದು ರಜೆಯ ದಿನ
ವಾಷಿಂಗ್ ಯೂನಿಟ್ಟಿನ ಹಿಂದಿನ ಚರಂಡಿ ಹಿಡಿದು ನಡೆದೆ,
ಈ ನೀಲಿ ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ.
ಬೆನ್ನಿಗೆ ಕೋಟೆಗುಡ್ಡ, ಕಾದ ಹಂಚಿನ ಹಾಗೆ.
ಜಾಲಿಗಿಡದ ಬಳಿ ಒಂದು ಮೇಕೆ
ಮೂಸಿ ನೋಡಿತು, ಕುಡಿಯಲಿಲ್ಲ.
ಅದರ ಬುದ್ಧಿ ನನಗೆ ಇಷ್ಟವಾಯಿತು.
ಉಪ್ಪಿನಕಾಯಿ ಸೀಸೆಯಲ್ಲಿ ತುಂಬಿ ತಂದು ಕಿಟಕಿಯಲ್ಲಿಟ್ಟೆ.
ನಾಲ್ಕು ದಿನಕ್ಕೆ ತಳದಲ್ಲಿ ಬೆರಳಷ್ಟು ನೀಲಿ,
ಮೇಲೆ ತಿಳಿ.
ಆದರೆ ಆ ತಿಳಿಯಲ್ಲಿ ಏನಿದೆ?
ಪಿಯುಸಿಯಲ್ಲಿ ಬಾಯಿಪಾಠ ಮಾಡಿದ
ಒಂದು ಸಮೀಕರಣವೂ ನೆನಪಾಗಲಿಲ್ಲ.
ಸೀಸೆ ಎಸೆದುಬಿಡೇ ಅಂದಳು ಅವ್ವ.
ಎಸೆಯಲಿಲ್ಲ.
ಫಾರಂ ತುಂಬುವಾಗ ವಿಷಯದ ಎದುರು
ರಸಾಯನಶಾಸ್ತ್ರ ಅಂತ ಬರೆದೆ.
ಅದು ಸರಿಯೋ ತಪ್ಪೋ, ಇನ್ನೂ ಗೊತ್ತಿಲ್ಲ.

ಇನ್ನೇನಾದರೂ ಸೇರಿಸೋದೇನವ್ವಾ?
ಗಾದಿಲಿಂಗಪ್ಪನವರು ಕನ್ನಡಕ ಏರಿಸಿದರು.
ಹೆಚ್ಚಿಗೆ ಬರೆದರೆ ಪುಟಕ್ಕೆ ಐವತ್ತು.

ಐವತ್ತು ಅಂದರೆ ಎಷ್ಟು ಕಾಜಾ,
ಗೆಣ್ಣಿನ ಮೇಲೆ ಲೆಕ್ಕ ಹಾಕಿದೆ.
ಬೇಡ ಸರ್, ಇಷ್ಟೇ ಸಾಕು.

ಸಹಿ ಹಾಕಿದೆ. ಹೆಬ್ಬೆಟ್ಟೂ ಇರಲಿ ಅಂದರು.
ಒತ್ತಿದೆ. ಉಗುರಿನಿಂದ ತಿಂಗಳ ಹಿಂದೆ ಬಿಟ್ಟುಹೋದದ್ದು
ಮತ್ತೆ ಬಂದು ಕೂತಿತು.
ಕೈ ತಾನಾಗಿಯೇ
ಚೂಡಿದಾರದ ಅಂಚು ಮಗುಚಿ
ಒಳಹೊಲಿಗೆಯ ಮೇಲೆ ಒರೆಸಿಕೊಂಡಿತು,
ಗಿರಾಕಿಗೆ ಕಾಣದ ಕಡೆ,
ಮಾಸ್ತರು ಕಲಿಸಿದ ಹಾಗೆ.